ಕೆಡಿಸಿ ಕಲಿಯಲೊಂದು ಕಂಪ್ಯೂಟರ್

ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡಲೇ ಎಂದು ಪರದೆ ಕೇಳಿದಾಗ ನನ್ನ ಅಕ್ಕನ ಮಗಳ ಕೈ ಮೌಸಿನ ಮೇಲೆ ಹಾಗೇ ನಿಂತುಬಿಟ್ಟಿತು.

"ಚಿಕ್ಕಮ್ಮ, ಇದನ್ನ ಒತ್ತಿದ್ರೆ ನನ್ನ ಫೋಟೋ, ಪ್ರಾಜೆಕ್ಟು ಎಲ್ಲ ಹೋಗುತ್ತೆ ಅಲ್ವಾ?"

"ಹೋಗಲ್ಲ ಪುಟ್ಟಿ, ಒತ್ತು."

"ಎಲ್ಲ ಅಳಿಸ್ತೀನಿ ಅಂತ ಅದೇ ಹೇಳ್ತಿದೆಯಲ್ಲ!"

ಅವಳ ಅಂಜಿಕೆ ನ್ಯಾಯವಾದದ್ದೇ. ಇದೇ ಸಾಲು ನಿಜವಾದ ಲ್ಯಾಪ್‌ಟಾಪಿನ ಮೇಲೆ ನೇರವಾಗಿ ಬಂದಿದ್ದರೆ ನಾನೂ ಕೈ ತೆಗೆಸುತ್ತಿದ್ದೆ. ಆದರೆ ಅವಳ ಮುಂದಿದ್ದದ್ದು ಲ್ಯಾಪ್‌ಟಾಪಿನೊಳಗೆ ನಾವೇ ಹತ್ತು ನಿಮಿಷದ ಹಿಂದೆ ಹುಟ್ಟಿಸಿದ ಇನ್ನೊಂದು ಕಂಪ್ಯೂಟರು. ಆ ಕಂಪ್ಯೂಟರು ಯಾವುದನ್ನು ತನ್ನ ಡಿಸ್ಕ್ ಎಂದು ನಂಬಿತ್ತೋ ಅದು ವಿಂಡೋಸಿನ ಲೆಕ್ಕದಲ್ಲಿ ಒಂದು ಫೋಲ್ಡರಿನೊಳಗಿನ ಒಂದೇ ಒಂದು ಫೈಲು. ಅಳಿಸುವುದೇನಿದ್ದರೂ ಆ ಫೈಲಿನೊಳಗೆ. ಅದರಾಚೆಗೆ ಫೋಟೋಗಳಿವೆ, ಪ್ರಾಜೆಕ್ಟುಗಳಿವೆ ಎಂಬುದೇ ಅದಕ್ಕೆ ಕಾಣುವುದಿಲ್ಲ. ಇಷ್ಟು ಹೇಳಿದ ಮೇಲೆ ಅವಳು ಉಸಿರು ಬಿಗಿಹಿಡಿದು ಒತ್ತಿದಳು. ಕಾಲು ಗಂಟೆಯ ನಂತರ ಅವಳ ವಿಂಡೋಸ್ ಪರದೆಯ ಮಧ್ಯದ ಒಂದು ಕಿಟಕಿಯೊಳಗೆ ಲಿನಕ್ಸ್ ಮಿಂಟ್ ಕುಳಿತಿತ್ತು. ಪಕ್ಕದಲ್ಲಿ ಫೋಟೋಗಳು ಇದ್ದಲ್ಲೇ ಇದ್ದವು.

ನಾವು ಈ ಪ್ರಯೋಗಕ್ಕೆ ಇಳಿದದ್ದಕ್ಕೆ ಕಾರಣ ಬಹಳ ಮನೆಗಳಲ್ಲಿರುವಂಥದ್ದೇ. ಅವಳದು ಏಳೆಂಟು ವರ್ಷದ ಲ್ಯಾಪ್‌ಟಾಪು, ಅದರಲ್ಲಿರುವುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯದೋ ಅದರ ನಂತರದ್ದೋ ಆಗಿರಬೇಕು. ಅವಳದು ಏಳನೆಯದು. ಯಂತ್ರ ಗಟ್ಟಿಮುಟ್ಟಾಗಿದೆ, ಕೀಲಿಮಣೆಯ ಒಂದು ಅಕ್ಷರವೂ ಸವೆದಿಲ್ಲ. ಅದನ್ನು ಗುಜರಿಗೆ ಹಾಕು ಎನ್ನಲು ನನಗೆ ಮನಸ್ಸು ಬರಲಿಲ್ಲ. ಹಾಗೆಂದು ಇದ್ದದ್ದನ್ನೆಲ್ಲ ತೆಗೆದು ಲಿನಕ್ಸ್ ಹಾಕು ಎಂದು ಹೇಳುವುದೂ ಸರಿಯಲ್ಲ. ಹೊಸ ತಳಿ ಬಂತೆಂದು ಯಾವ ರೈತರೂ ಇಡೀ ಗದ್ದೆಗೆ ಅದನ್ನೇ ಬಿತ್ತುವುದಿಲ್ಲ. ಮೊದಲ ವರ್ಷ ಒಂದು ಮಡಿಗೆ ಹಾಕಿ, ನಮ್ಮ ನೀರಿಗೆ, ನಮ್ಮ ಮಣ್ಣಿಗೆ ಹೇಗೆ ಬರುತ್ತದೆ ನೋಡುತ್ತಾರೆ. ವರ್ಚುವಲ್ ಮಶೀನ್ ಎಂದರೆ ಅಂಥ ಒಂದು ಮಡಿ.

ಈ ಉಪಾಯ ಹೊಸತೇನಲ್ಲ. ಒಂದು ಕಂಪ್ಯೂಟರಿಗೆ ಒಂದು ಕೋಣೆಯೇ ಬೇಕಾಗಿದ್ದ 1960ರ ದಶಕದಲ್ಲಿ, ಅಮೆರಿಕದ ಕೇಂಬ್ರಿಡ್ಜಿನಲ್ಲಿದ್ದ ಐಬಿಎಂ ಕೇಂದ್ರದ ಎಂಜಿನಿಯರುಗಳು ಒಂದೇ ದೊಡ್ಡ ಯಂತ್ರವನ್ನು ಹಲವರಿಗೆ ಹಂಚುವ ದಾರಿ ಹುಡುಕಿದರು: ಪ್ರತಿಯೊಬ್ಬರಿಗೂ ಇಡೀ ಯಂತ್ರವೇ ತನ್ನದು ಎಂಬಂತೆ ತೋರಿಸುವುದು. 1972ರಲ್ಲಿ ಐಬಿಎಂ ಅದನ್ನು ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಈ ವಿದ್ಯೆ ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. ಆ ಕಂಪ್ಯೂಟರಿನ ಚಿಪ್ಪುಗಳನ್ನು ಹೀಗೆ ಹಂಚಿಕೊಳ್ಳಲು ಅನುವಾಗುವಂತೆ ರೂಪಿಸಿಯೇ ಇರಲಿಲ್ಲ. 1999ರಲ್ಲಿ ವಿಎಂವೇರ್ ಕಂಪನಿ ಆ ತೊಡಕನ್ನು ಬರೀ ಸಾಫ್ಟ್‌ವೇರಿನ ಚಾತುರ್ಯದಿಂದ ದಾಟಿತು. 2005-06ರ ಹೊತ್ತಿಗೆ ಇಂಟೆಲ್ ಮತ್ತು ಎಎಂಡಿ ತಮ್ಮ ಪ್ರೊಸೆಸರುಗಳೊಳಗೇ ಅದಕ್ಕೆ ಬೇಕಾದ ಸೌಕರ್ಯ ಕೊಟ್ಟವು. ಇಂದು ಕ್ಲೌಡಿನಲ್ಲಿ ಸರ್ವರ್ ಬಾಡಿಗೆಗೆ ಪಡೆದೆ ಎನ್ನುವವರು ಹೆಚ್ಚಾಗಿ ಪಡೆದಿರುವುದು ಇಂಥ ಕಾಲ್ಪನಿಕ ಯಂತ್ರವನ್ನೇ.

ಈ ಕಸುಬಿನವರು ಹೊರಗಿನ ನಿಜ ಯಂತ್ರವನ್ನು ಹೋಸ್ಟ್ ಎನ್ನುತ್ತಾರೆ, ಒಳಗಿನದನ್ನು ಗೆಸ್ಟ್. ಮನೆಯವರು ಮತ್ತು ನೆಂಟರು ಎಂದುಕೊಳ್ಳಿ. ಆದರೆ ಈ ನೆಂಟರಿಗೆ ತಾವು ನೆಂಟರೆಂದು ಗೊತ್ತಿರಬೇಕಾಗಿಯೇ ಇಲ್ಲ. ಗೆಸ್ಟ್ ವ್ಯವಸ್ಥೆ ಡಿಸ್ಕಿಗೆ ಬರೆಯಲು ಹೋದಾಗ ನಡುವೆ ನಿಂತಿರುವ ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ಅದನ್ನು ತಡೆದು, ಆ ಬರಹವನ್ನು ಹೋಸ್ಟಿನ ಫೈಲಿಗೆ ತಿರುಗಿಸುತ್ತದೆ. ಪರದೆ, ನೆಟ್‌ವರ್ಕ್ ಕಾರ್ಡು, ಧ್ವನಿ ಎಲ್ಲಕ್ಕೂ ಇದೇ ಕ್ರಮ. ಸಾಮಾನ್ಯ ಲೆಕ್ಕಾಚಾರದ ಕೆಲಸ ಮಾತ್ರ ನೇರವಾಗಿ ನಿಜ ಪ್ರೊಸೆಸರಿನ ಮೇಲೆಯೇ ಓಡುತ್ತದೆ. ಒಳಗಿನ ಕಂಪ್ಯೂಟರು ನಾವು ಊಹಿಸುವಷ್ಟು ನಿಧಾನವಾಗದಿರುವುದು ಅದಕ್ಕೇ.

ಮನೆ ಬಳಕೆಗೆ ನಾನು ಆರಿಸಿಕೊಂಡದ್ದು ವರ್ಚುವಲ್‌ಬಾಕ್ಸ್ ಎಂಬ ಹೈಪರ್‌ವೈಸರ್. ಇನ್ನೊಟೆಕ್ ಎಂಬ ಜರ್ಮನ್ ಕಂಪನಿ ಶುರುಮಾಡಿದ ಇದು 2008ರಲ್ಲಿ ಸನ್ ಕಂಪನಿಯ ಕೈಗೆ, 2010ರಲ್ಲಿ ಸನ್ ಜೊತೆಗೇ ಒರಾಕಲ್ ಕೈಗೆ ಹೋಯಿತು. ಮೂಲ ಪ್ಯಾಕೇಜು ಮುಕ್ತ ತಂತ್ರಾಂಶ. ಎಕ್ಸ್‌ಟೆನ್ಶನ್ ಪ್ಯಾಕ್ ಎಂಬ ಹೆಚ್ಚುವರಿ ಭಾಗಕ್ಕೆ ಮಾತ್ರ ಬೇರೆ ಪರವಾನಗಿ ಇದೆ. ಕಚೇರಿಯಲ್ಲಿ ಬಳಸುವವರು ಅದನ್ನು ಓದದೆ ಹಾಕಿಕೊಳ್ಳಬಾರದು. ನಮಗೆ ಅದು ಬೇಕಾಗಲೇ ಇಲ್ಲ.

ಒಳಗೆ ಹಾಕಲು ಲಿನಕ್ಸ್ ಮಿಂಟ್ ಯಾಕೆ? ವಿಂಡೋಸಿನಿಂದ ಬಂದವರಿಗೆ ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ ಇದ್ದರೆ ಅರ್ಧ ಅಪರಿಚಿತತನ ಕಳೆಯುತ್ತದೆ. ಮಿಂಟಿನ ಸಿನಮನ್ ಆವೃತ್ತಿಯಲ್ಲಿ ಹಾಗಿದೆ. ಅದರ ವಂಶಾವಳಿಯೂ ನನಗೆ ಇಷ್ಟ. 2006ರಲ್ಲಿ ಹುಟ್ಟಿದ ಮಿಂಟ್ ನಿಂತಿರುವುದು 2004ರ ಉಬುಂಟು ಮೇಲೆ. ಉಬುಂಟು ನಿಂತಿರುವುದು 1993ರ ಡೆಬಿಯನ್ ಮೇಲೆ. ಅದರ ತಳದಲ್ಲಿ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹಂಚಿದ ಕರ್ನೆಲ್, ಅದಕ್ಕೂ ಮೊದಲು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತೆಗೆದುಕೊಂಡು ಬೆಳೆಸಲು ಇಲ್ಲಿ ಪರವಾನಗಿಯೇ ಅನುಮತಿ ಕೊಡುತ್ತದೆ. ಪೆನ್‌ಡ್ರೈವಿಗೆ ಹಾಕಿ ಪಕ್ಕದ ಮನೆಯವರಿಗೆ ಕೊಟ್ಟರೆ ಅದು ಕಳ್ಳ ಪ್ರತಿಯಲ್ಲ. ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಶಾಲೆಗಳಲ್ಲಿ ಕದ್ದ ವಿಂಡೋಸನ್ನು ಬೇರೆ ದಾರಿಯಿಲ್ಲದೆ ಬಳಸುತ್ತಿರುವವರನ್ನು ಕಂಡಿರುವ ನನಗೆ ಇದು ಸಣ್ಣ ಮಾತಲ್ಲ.

ಮಿಂಟಿನ 22ನೇ ಸರಣಿಗೆ 2029ರವರೆಗೆ ಪರಿಷ್ಕರಣೆಗಳು ಬರುತ್ತವೆ. ಐಎಸ್‌ಒ ಎಂಬ ಒಂದೇ ಫೈಲಾಗಿ ಅದು ಸಿಗುತ್ತದೆ, ಗಾತ್ರ 3 ಜಿಬಿ ಆಸುಪಾಸು. ಇಳಿಸಿಕೊಂಡ ಕೂಡಲೇ ಓಡಿಸಬೇಡಿ. ಅದರ ಚೆಕ್‌ಸಮ್, ಅಂದರೆ 64 ಅಕ್ಷರಗಳ ಬೆರಳಚ್ಚನ್ನು ಲೆಕ್ಕಹಾಕಿ, ಮಿಂಟ್ ತಂಡ ಪ್ರಕಟಿಸಿರುವುದರ ಜೊತೆ ತಾಳೆ ನೋಡಿ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. 2016ರ ಫೆಬ್ರವರಿ 20ರಂದು ಮಿಂಟಿನ ಜಾಲತಾಣಕ್ಕೇ ನುಗ್ಗಿದ ದುಷ್ಕರ್ಮಿಗಳು ಹಿಂಬಾಗಿಲಿಟ್ಟ ನಕಲಿ ಐಎಸ್‌ಒಗೆ ಜನರನ್ನು ತಿರುಗಿಸಿದ್ದರು. ತಂಡ ಬೇಗನೆ ಪತ್ತೆಹಚ್ಚಿ, ಮುಚ್ಚಿಡದೆ ಎಲ್ಲರಿಗೂ ತಿಳಿಸಿತು. ಎರಡು ನಿಮಿಷದ ಈ ಪರೀಕ್ಷೆಯನ್ನು ನಾನು ಅಂದಿನಿಂದ ತಪ್ಪಿಸಿಲ್ಲ.

ವರ್ಚುವಲ್‌ಬಾಕ್ಸಿನಲ್ಲಿ ಹೊಸ ಯಂತ್ರ ಮಾಡುವಾಗ ಅದು ಕೇಳುವುದು ನಾಲ್ಕೈದು ಪ್ರಶ್ನೆ. ಅವಳ ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ‍್ಯಾಮ್ ಇತ್ತು, ಅರ್ಧ ಕೊಟ್ಟೆವು. ಅದಕ್ಕಿಂತ ಹೆಚ್ಚು ಕೊಟ್ಟರೆ ಮನೆಯವರು ಉಪವಾಸ ಬೀಳುತ್ತಾರೆ, ಹೊರಗಿನ ವಿಂಡೋಸ್ ತೆವಳತೊಡಗುತ್ತದೆ. ಪ್ರೊಸೆಸರ್ ಎರಡು. ಡಿಸ್ಕ್ 25 ಜಿಬಿ. ಇಷ್ಟೂ ಜಾಗವನ್ನು ಅದು ಮೊದಲೇ ಹಿಡಿದಿಡುವುದಿಲ್ಲ, ಒಳಗೆ ತುಂಬಿದಂತೆ ಹೊರಗಿನ ಫೈಲು ಬೆಳೆಯುತ್ತದೆ. ಎಲ್ಲವನ್ನೂ ತಾನೇ ಇನ್‌ಸ್ಟಾಲ್ ಮಾಡಿಬಿಡುತ್ತೇನೆ ಎಂಬ ಆಯ್ಕೆಯನ್ನು ಮಾತ್ರ ಬೇಡವೆನ್ನಿ. ಹಂತಗಳನ್ನು ಕಣ್ಣಾರೆ ನೋಡುವುದಕ್ಕೇ ಅಲ್ಲವೇ ಇಷ್ಟೆಲ್ಲ?

ಯಂತ್ರ ಶುರುವಾಗದೆ ವಿಟಿ-ಎಕ್ಸ್ ಎಂಬ ಹೆಸರಿನ ದೂರು ಬಂದರೆ ಗಾಬರಿಯಾಗಬೇಡಿ. ಆಗಲೇ ಹೇಳಿದ ಪ್ರೊಸೆಸರಿನ ಸೌಕರ್ಯವನ್ನು ಬಯೋಸಿನಲ್ಲಿ ಮುಚ್ಚಿಟ್ಟಿರುತ್ತಾರೆ, ಹೋಗಿ ತೆರೆಯಬೇಕು ಅಷ್ಟೆ. ಇನ್ನೊಂದು ಗುರುತು ನೋಡಿ: ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಪುಟ್ಟ ಹಸಿರು ಆಮೆ ಕಂಡರೆ, ವಿಂಡೋಸಿನದೇ ಹೈಪರ್-ವಿ ಮೊದಲೇ ಆ ಸೌಕರ್ಯವನ್ನು ಹಿಡಿದುಕೊಂಡಿದೆ ಎಂದರ್ಥ. ಆಗ ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಬರಬೇಕು, ವೇಗ ಇಳಿಯುತ್ತದೆ. ಲಿನಕ್ಸ್ ಬಹಳ ನಿಧಾನ ಎಂದು ಮೊದಲ ದಿನವೇ ಕೈಬಿಟ್ಟ ಕೆಲವರ ಪರದೆಯಲ್ಲಿ ನಾನು ಆ ಆಮೆಯನ್ನು ಕಂಡಿದ್ದೇನೆ. ತಪ್ಪು ಲಿನಕ್ಸಿನದಾಗಿರಲಿಲ್ಲ.

ಇನ್‌ಸ್ಟಾಲರಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಎಲ್ಲ ಕಡೆ ಪೂರ್ತಿಯಾಗಿಲ್ಲ, ನಡುನಡುವೆ ಇಂಗ್ಲಿಷ್ ಇಣುಕುತ್ತದೆ. ಇನ್‌ಸ್ಟಾಲ್ ಆದ ಮೇಲೆ ಪರದೆ ಚಿಕ್ಕದಾಗಿ ಕಂಡರೆ, ಒಳಗೂ ಹೊರಗೂ ನಕಲು-ಅಂಟಿಸು ನಡೆಯದಿದ್ದರೆ, ಗೆಸ್ಟ್ ಅಡಿಶನ್ಸ್ ಎಂಬುದನ್ನು ಹಾಕಿಕೊಳ್ಳಬೇಕು.

ಇಲ್ಲಿಂದ ಮುಂದೆ ಹೆಚ್ಚಿನವರು ವಾಲ್‌ಪೇಪರ್ ಬದಲಿಸಿ, ಮೆನು ತಿರುವಿ, ಚೆನ್ನಾಗಿದೆ ಎಂದು ಮುಚ್ಚಿಡುತ್ತಾರೆ. ಅದು ಪರೀಕ್ಷೆಯಲ್ಲ. ನಮ್ಮ ದಿನದ ಕೆಲಸವನ್ನು ಅದರ ಮುಂದೆ ಹಾಕಬೇಕು. ನಮ್ಮ ಮನೆಯಲ್ಲಿ ಆ ಕೆಲಸವೆಂದರೆ ಕನ್ನಡ. ಅಕ್ಕನ ಮಗಳು ಕನ್ನಡ ಎಂ.ಎ. ಓದುತ್ತಿದ್ದಾಳೆ, ನುಡಿ ತಂತ್ರಾಂಶದಲ್ಲಿ ಕಣ್ಣು ಮುಚ್ಚಿ ಟೈಪ್ ಮಾಡುತ್ತಾಳೆ. ನುಡಿ ಇಲ್ಲದಿದ್ದರೆ ತಾನಿಲ್ಲ ಎಂದೇ ಕುಳಿತಿದ್ದಳು. ಕೀಬೋರ್ಡ್ ಸೆಟ್ಟಿಂಗ್ ತೆರೆದು ಕನ್ನಡದ ವಿನ್ಯಾಸಗಳನ್ನು ನೋಡಿದರೆ ಅಲ್ಲಿ ಕಗಪ ಎಂಬ ಹೆಸರೇ ಇತ್ತು. ಕೆ. ಪಿ. ರಾವ್ ಅವರು ರೂಪಿಸಿದ, ಸಣ್ಣಪುಟ್ಟ ಬದಲಾವಣೆಯೊಂದಿಗೆ ಕರ್ನಾಟಕ ಸರ್ಕಾರ ಒಪ್ಪಿಕೊಂಡ, ನುಡಿಯಲ್ಲಿ ನಮ್ಮ ಬೆರಳಿಗಂಟಿದ ಅದೇ ವಿನ್ಯಾಸ. ಹೊರಗಿನಿಂದ ಏನನ್ನೂ ತರಬೇಕಿಲ್ಲ, ವ್ಯವಸ್ಥೆಯ ಹೊಟ್ಟೆಯೊಳಗೇ ಇದೆ. ಅವಳು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದಳು. ಕನ್ನಡ ಎಂದು ಮೂಡಿತು. ಅವಳು ಒಮ್ಮೆ ನನ್ನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಮಂಗಳೂರು ಕಡೆಯ ಒಬ್ಬರು ದಶಕಗಳ ಹಿಂದೆ ಮಾಡಿದ ಯೋಚನೆ ಜಗತ್ತಿನ ಯಾವ ಮೂಲೆಯ ಲಿನಕ್ಸಿನಲ್ಲೂ ಹೀಗೆ ಸದ್ದಿಲ್ಲದೆ ಕುಳಿತಿದೆ ಎಂದು ಹೇಳುವಾಗ ನನ್ನ ದನಿಯೂ ಸ್ವಲ್ಪ ಏರಿತ್ತು.

ಮುಂದಿನ ಪರೀಕ್ಷೆ ನನ್ನದೇ ಹಳೆಯ ಹಟ: ರ‍್ಯಾಂಕ್ ಎಂಬ ಪದ. ಸೂರ್ಯ ಎಂದು ಬರೆಯುವಾಗ ರಕಾರ ಅರ್ಕಾವೊತ್ತಾಗಬೇಕು. ರ‍್ಯಾಂಕ್ ಎನ್ನುವಾಗ ಆಗಬಾರದು, ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ಎರಡರಲ್ಲೂ ಇರುವ ಅಕ್ಷರಗಳ ಸಾಲು ಒಂದೇ, ರ, ವಿರಾಮ, ಯ. ವ್ಯತ್ಯಾಸ ತಿಳಿಸಲು ಯುನಿಕೋಡಿನಲ್ಲಿ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಇಡಬೇಕು. ಅದನ್ನು ಅರಿತು ಚಿತ್ರಿಸುವುದು ಆಯಾ ತಂತ್ರಾಂಶದ, ಫಾಂಟಿನ ಕೆಲಸ. ಹೊರಗಿನ ವಿಂಡೋಸಿನಿಂದ ಆ ಪದವನ್ನು ನಕಲು ಮಾಡಿ ಒಳಗಿನ ಲಿಬ್ರೆ ಆಫೀಸಿಗೆ ಅಂಟಿಸಿದೆವು. ರ ತಲೆಯೆತ್ತಿ ನಿಂತಿತು. ಫೈರ್‌ಫಾಕ್ಸಿನಲ್ಲೂ ಸರಿ. ಇದರ ಹಿಂದಿರುವುದು ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಮುಕ್ತ ತಂತ್ರಾಂಶ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಒತ್ತಕ್ಷರಗಳನ್ನು ಕೂಡಿಸುತ್ತಿರುವುದೂ ಅದೇ. ಫಾಂಟು ಬದಲಿಸಲು ಹೋದಾಗ ಒಂದು ತೊಡಕಾಯಿತು, ಎಷ್ಟು ಬದಲಿಸಿದರೂ ಕನ್ನಡ ಅಕ್ಷರ ಬದಲಾಗಲೇ ಇಲ್ಲ. ಲಿಬ್ರೆ ಆಫೀಸ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸಿ ಅದಕ್ಕೆ ಬೇರೆಯೇ ಫಾಂಟು ನಿಗದಿ ಮಾಡುತ್ತದೆ. ಭಾಷಾ ಸೆಟ್ಟಿಂಗಿನಲ್ಲಿ ಆ ಗುಂಪನ್ನು ಚಾಲೂ ಮಾಡಿ, ಅಲ್ಲಿ ನವಿಲು ಫಾಂಟು ಆರಿಸಿದ ಮೇಲೆ ಸರಿಹೋಯಿತು. ನವಿಲು, ಗುಬ್ಬಿ, ಲೋಹಿತ್ ಎಲ್ಲವೂ ಮುಕ್ತ ಫಾಂಟುಗಳೇ, ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಹುಡುಕಿದರೆ ಸಿಗುತ್ತವೆ.

ನಪಾಸಾದದ್ದು ಒಂದು ವಿಷಯದಲ್ಲಿ. ಅವಳ ಅಜ್ಜಿ, ಅಂದರೆ ನನ್ನ ಅಮ್ಮ ಹೇಳಿದ್ದ ಬೀಸುವ ಹಾಡುಗಳನ್ನು ಹದಿನೈದು ವರ್ಷದ ಹಿಂದೆ ನಾನು ಹಳೆಯ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದೆ. ಆ ಫೈಲನ್ನು ತೆರೆದರೆ ಒಂದು ಅಕ್ಷರವೂ ಕನ್ನಡವಾಗಿರಲಿಲ್ಲ. ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ಎಲ್ಲೆಲ್ಲಿ ನ ಇರಬೇಕೋ ಅಲ್ಲೆಲ್ಲ ಪೌಂಡ್ ಚಿಹ್ನೆ. ಯುನಿಕೋಡ್ ಪೂರ್ವದ ನುಡಿ ಫೈಲುಗಳಲ್ಲಿ ನಿಜಕ್ಕೂ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಆ ಫಾಂಟು ಕನ್ನಡದ ಅಂಗಿ ತೊಡಿಸಿರುತ್ತದೆ. ಫಾಂಟು ಇಲ್ಲದ ಕಡೆ ಅಂಗಿ ಕಳಚುತ್ತದೆ. ನೋಡಿದಾಗ ಎದೆ ಧಸಕ್ಕೆಂದಿತು. ಆ ಫಾಂಟಿನ ಫೈಲನ್ನು ಮಿಂಟಿಗೂ ಹಾಕಿದಾಗ ಹಾಡುಗಳು ಮತ್ತೆ ಕಂಡವು. ಆದರೂ ಈ ಸ್ಥಿತಿಯಲ್ಲಿ ಬಿಡುವುದು ಸರಿಯಲ್ಲವೆಂದು ಉಚಿತವಾಗಿ ಸಿಗುವ ಪರಿವರ್ತಕದಿಂದ ಎಲ್ಲವನ್ನೂ ಯುನಿಕೋಡಿಗೆ ತಂದೆವು, ಸಾಲು ಸಾಲು ಕೂತು ತಿದ್ದಿದೆವು. ನಿಮ್ಮ ಮನೆಯಲ್ಲೂ ಇಂಥ ಫೈಲುಗಳಿದ್ದರೆ, ಲಿನಕ್ಸಿಗೆ ಹೋಗಿ ಬಿಡಿ, ಈ ಒಂದು ಕೆಲಸ ಮಾತ್ರ ಮಾಡಿಕೊಳ್ಳಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ನಾನು ಕಂಪ್ಯೂಟರ್ ಮೊದಲು ಮುಟ್ಟಿದ್ದು ಒಂದು ಕಾಲೇಜಿನ ಲ್ಯಾಬಿನಲ್ಲಿ. ಚಪ್ಪಲಿ ಹೊರಗೆ ಬಿಡಬೇಕು, ಹೇಳಿದ್ದನ್ನಷ್ಟೇ ಒತ್ತಬೇಕು. ಪರದೆಯ ಬಣ್ಣ ಬದಲಿಸಿದ ಒಬ್ಬ ಹುಡುಗಿಯನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ಬೈದರು. ಆಮೇಲೆ ಆ ವರ್ಷವೆಲ್ಲ ನಾವು ಯಾರೂ ಯಾವುದನ್ನೂ ಒತ್ತಿ ನೋಡಲಿಲ್ಲ. ಅಷ್ಟು ದುಬಾರಿಯ ಯಂತ್ರ ಕೆಟ್ಟರೆ ಎಂಬ ಅವರ ಭಯ ಈಗ ಅರ್ಥವಾಗುತ್ತದೆ. ಆದರೆ ಆ ಭಯ ನಮ್ಮ ಕೈಗೆ ದಾಟಿ ಎಷ್ಟೋ ವರ್ಷ ಅಲ್ಲೇ ಉಳಿಯಿತು. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ನಮ್ಮ ಶಾಲೆಗಳ ಲ್ಯಾಬಿನಲ್ಲೂ ಒಳಗೊಂದು ಕೆಡಿಸಬಹುದಾದ ಯಂತ್ರ ಇರಲಿ ಎಂಬುದು ನನ್ನ ಬಹುದಿನದ ಆಸೆ.

ವರ್ಚುವಲ್‌ಬಾಕ್ಸಿನ ಸ್ನ್ಯಾಪ್‌ಶಾಟ್ ಇರುವುದು ಅದಕ್ಕೇ. ಅದನ್ನು ಒತ್ತಿದ ಕ್ಷಣದಲ್ಲಿ ಡಿಸ್ಕಿನ ಫೈಲು ಅಲ್ಲಿಗೇ ಬೀಗ ಬಿದ್ದಂತೆ ನಿಲ್ಲುತ್ತದೆ. ಆಮೇಲಿನ ಬದಲಾವಣೆಗಳೆಲ್ಲ ಇನ್ನೊಂದು ಫೈಲಿಗೆ ಹೋಗುತ್ತವೆ. ಲೆಕ್ಕದ ಪುಸ್ತಕವನ್ನು ಮುಟ್ಟದೆ ಮೇಲೆ ಚೀಟಿಯಿಟ್ಟು ಬರೆದಂತೆ. ಬೇಡವಾದರೆ ಚೀಟಿ ಹರಿದರಾಯಿತು, ಪುಸ್ತಕ ಹಾಗೇ ಇರುತ್ತದೆ.

ಯಂತ್ರ ಆರಿಸಿ, ಸ್ನ್ಯಾಪ್‌ಶಾಟ್ ತೆಗೆದು, ಮತ್ತೆ ಹಚ್ಚಿ, "ಈಗ ಇದನ್ನ ಕೆಡಿಸು" ಎಂದೆ.

"ಏನು ಕೆಡಿಸ್ಲಿ?"

"ನಿಂಗೆ ತೋಚಿದ್ದು."

ಮೊದಲು ಅಂಜುತ್ತ ಒಂದು ಪ್ಯಾನೆಲ್ ತೆಗೆದಳು. ಆಮೇಲೆ ಧೈರ್ಯ ಬಂತು. ಕೊನೆಗೆ ನಾನು ಟರ್ಮಿನಲ್ ತೆರೆದುಕೊಟ್ಟು, ಬಹುತೇಕ ಎಲ್ಲ ಪ್ರೋಗ್ರಾಮುಗಳೂ ಇರುವ ಯುಎಸ್‌ಆರ್ ಎಂಬ ಫೋಲ್ಡರನ್ನೇ ಅಳಿಸುವ ಆಜ್ಞೆ ಹೇಳಿದೆ. ವಿಚಿತ್ರವೆಂದರೆ ಪರದೆ ತಕ್ಷಣ ಆರಲಿಲ್ಲ. ಆಗಲೇ ಮೆಮೊರಿಗೆ ಬಂದಿದ್ದವು ಓಡುತ್ತಲೇ ಇದ್ದವು, ಗಡಿಯಾರ ನಡೆಯುತ್ತಿತ್ತು. ಹೊಸದಾಗಿ ಏನನ್ನು ತೆರೆಯಹೋದರೂ ಉತ್ತರವಿಲ್ಲ. ಡಿಸ್ಕಿನಲ್ಲಿರುವ ಪ್ರೋಗ್ರಾಮು ಬೇರೆ, ಮೆಮೊರಿಯಲ್ಲಿ ಓಡುತ್ತಿರುವುದು ಬೇರೆ ಎಂಬ ಪಾಠವನ್ನು ನಾನು ಬಾಯಲ್ಲಿ ಎಷ್ಟು ಸಲ ಹೇಳಿದ್ದರೂ ಅವಳಿಗೆ ತಾಗಿರಲಿಲ್ಲ, ಈಗ ಕೇಳದೆಯೇ ಅರ್ಥವಾಯಿತು. ರೀಸ್ಟಾರ್ಟ್ ಮಾಡಿದಾಗ ಕಪ್ಪು ಪರದೆ, ಬಿಳಿಯ ನಾಲ್ಕು ಸಾಲು, ಮಿನುಗುವ ಕರ್ಸರ್. ಸ್ನ್ಯಾಪ್‌ಶಾಟಿಗೆ ಹಿಂದಿರುಗಿಸಿದೆವು. ಕೆಲವೇ ಸೆಕೆಂಡು. ಮಿಂಟ್ ಏನೂ ಆಗಿಲ್ಲವೆಂಬಂತೆ ಎದ್ದಿತು. "ಇನ್ನೊಂದ್ಸಲ ಕೆಡಿಸ್ಲಾ ಚಿಕ್ಕಮ್ಮ?" ಎಂದಳು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹೊರಗಿನ ಯಾವುದಾದರೂ ಫೋಲ್ಡರನ್ನು ಒಳಗಿನ ಯಂತ್ರಕ್ಕೆ ಹಂಚಿಕೊಟ್ಟಿದ್ದರೆ ಅದಕ್ಕೆ ಈ ರಕ್ಷಣೆ ಇಲ್ಲ. ಒಳಗಿನಿಂದ ಅಳಿಸಿದರೂ ಅದು ನಿಜವಾಗಿಯೇ ಅಳಿಯುತ್ತದೆ. ಹಂಚುವುದಾದರೆ ಓದಲು ಮಾತ್ರ ಎಂಬ ಗುರುತು ಹಾಕಿ ಹಂಚಿ. ಕೆಡಿಸುವ ಆಟಕ್ಕೆ ಮೊದಲು ಅದನ್ನೂ ಕಿತ್ತುಬಿಡಿ.

ಈ ಮಡಿಯಲ್ಲಿ ತಿಳಿಯದೆ ಉಳಿಯುವ ಸಂಗತಿಗಳೂ ಇವೆ. ಒಳಗಿನ ಮಿಂಟಿಗೆ ನಿಮ್ಮ ವೈಫೈ ಕಾರ್ಡು ಕಾಣುವುದೇ ಇಲ್ಲ. ಕಾಣುವುದು ವರ್ಚುವಲ್‌ಬಾಕ್ಸ್ ಕಟ್ಟಿಕೊಟ್ಟ ಕಾಲ್ಪನಿಕ ಕಾರ್ಡು. ಹಾಗಾಗಿ ಇಲ್ಲಿ ಇಂಟರ್ನೆಟ್ ಬಂದ ಮಾತ್ರಕ್ಕೆ ನಿಜ ಯಂತ್ರದಲ್ಲೂ ಬಂದೀತು ಎನ್ನುವಂತಿಲ್ಲ. ಗ್ರಾಫಿಕ್ಸ್, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೇ, ಇವೂ ಹಾಗೆಯೇ. ಅದಕ್ಕೆ ಅದೇ ಐಎಸ್‌ಒವನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಲ್ಯಾಪ್‌ಟಾಪನ್ನು ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ನೋಡಬಹುದು. ಆ ಹೊತ್ತಿನಲ್ಲಿ ಮಾತ್ರ ಡಿಸ್ಕ್ ಅಳಿಸುವ ಸಾಲು ಕಂಡರೆ ಕೈ ಹಿಂದೆಗೆಯಿರಿ. ಅಲ್ಲಿ ಅದು ಹೇಳುವುದು ನಿಮ್ಮ ನಿಜ ಡಿಸ್ಕಿನ ಮಾತು.

ಪ್ರಯೋಗ ಸಾಕೆನಿಸಿದರೆ ವರ್ಚುವಲ್‌ಬಾಕ್ಸಿನ ಪಟ್ಟಿಯಲ್ಲಿ ಆ ಯಂತ್ರದ ಮೇಲೆ ಬಲಗುಂಡಿ ಒತ್ತಿ ತೆಗೆದುಹಾಕಿ, ಫೈಲುಗಳನ್ನೂ ಅಳಿಸು ಎನ್ನಿ. ಅದು ತಿಂದಿದ್ದ ಜಾಗ ಅಷ್ಟೂ ವಾಪಸು ಬರುತ್ತದೆ, ವಿಂಡೋಸಿನಲ್ಲಿ ಒಂದು ಗೆರೆಯೂ ಬದಲಾಗಿರುವುದಿಲ್ಲ. ಅಕ್ಕನ ಮಗಳು ಇನ್ನೂ ತೆಗೆದಿಲ್ಲ. ಬೀಸುವ ಹಾಡುಗಳ ತಿದ್ದುಪಡಿ ಅದರೊಳಗೇ ನಡೆಯುತ್ತಿದೆ, ಇಪ್ಪತ್ತೆರಡು ಹಾಡು ಮುಗಿದಿವೆ. ಪ್ರತಿ ಸಂಜೆ ಫೈಲನ್ನು ಒಂದು ಪೆನ್‌ಡ್ರೈವಿಗೂ ಹಾಕಿಡು ಎಂದು ಹೇಳಿದ್ದೇನೆ. ಬರುವ ಭಾನುವಾರ ವೈಫೈ ನೋಡುವುದಿದೆ.